ನನ್ನ ದನಿ ಕೊಟ್ಟ ಮಾತು

ಕಳೆದ ತಿಂಗಳು ಚಿಕ್ಕಮ್ಮನ ಮೊಮ್ಮಗಳಿಗೆ ಹೆಸರಿಡುವ ಕಾರ್ಯಕ್ಕೆ ಗಿಣಿಗೇರಾಕ್ಕೆ ಹೋಗಿದ್ದೆ. ಬಸ್ಸಿಳಿಯುವ ಹೊತ್ತಿಗೆ ಮಳೆ ಸಣ್ಣಗೆ ಹನಿಯುತ್ತಿತ್ತು. ಕಲ್ಲಿದ್ದಲ ಪುಡಿ, ಸುಟ್ಟ ಕಬ್ಬಿಣ, ತೊಯ್ದ ಮಣ್ಣು ಮೂರೂ ಕೂಡಿದ ವಾಸನೆ ಮೂಗಿಗೆ ಬಡಿಯಿತು. ಬೇರೆ ಯಾವ ಊರಿನ ಮಳೆಗೂ ಈ ವಾಸನೆ ಇಲ್ಲ. ಅಲ್ಲೇ ಇರುವವರಿಗೆ ಅದು ಗೊತ್ತೂ ಆಗುವುದಿಲ್ಲ. ಮಾಳಿಗೆಯ ಮೇಲೆ ಒಣಹಾಕಿದ್ದ ಕೂಸಿನ ಬಟ್ಟೆಗಳನ್ನು ಗಡಿಬಿಡಿಯಿಂದ ಒಳಗೆ ತಂದ ಚಿಕ್ಕಮ್ಮ, "ಇವತ್ತ ಧೂಳು ಕಮ್ಮಿ ಐತಿ ನೋಡು" ಎಂದಳು. ಬಿಳಿ ಅಂಗಿಯ ಮೇಲೆಲ್ಲ ಸಣ್ಣ ಕಪ್ಪು ಚುಕ್ಕೆಗಳಿದ್ದವು.

೨೦೦೮ರ ಮಳೆಗಾಲದಿಂದ ಮುಂದಿನ ಬೇಸಿಗೆಯವರೆಗೆ ನಾನು ದಿನವೂ ಈ ವಾಸನೆಯಲ್ಲೇ ಉಸಿರಾಡಿದ್ದೆ. ಆ ತಿಂಗಳುಗಳಲ್ಲಿ ನಾನು ನಂಬಿದವರು ಕಡಿಮೆ. ನನ್ನನ್ನು ನಂಬಿದವರು ಇನ್ನೂ ಕಡಿಮೆ.

ಆಗ ನನಗೆ ಇಪ್ಪತ್ತಮೂರು ವರ್ಷ. ಊರು ಯಲಬುರ್ಗಾ. ಕೊಪ್ಪಳದಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಕಂಪ್ಯೂಟರ್ ಕಲಿತು, ಒಂದು ಡಿಟಿಪಿ ಅಂಗಡಿಯಲ್ಲಿ ಮದುವೆ ಕಾರ್ಡು, ಕೋರ್ಟಿನ ಅರ್ಜಿ ಟೈಪ್ ಮಾಡುತ್ತಿದ್ದೆ. ಒಂದು ದಿನ ಕನ್ನಡಕದ ಎತ್ತರದ ಮನುಷ್ಯರೊಬ್ಬರು ಅಂಗಡಿಗೆ ಬಂದರು. ಗಿಣಿಗೇರಾದ ಹತ್ತಿರದ ಒಂದು ಕಬ್ಬಿಣದ ಕಾರ್ಖಾನೆಯ ಸೇಫ್ಟಿ ಆಫೀಸರ್ ಅವರು, ಧಾರವಾಡದ ಕಡೆಯವರು, ಹೆಸರು ದೇಸಾಯಿ. ಕೈಯಲ್ಲಿ ದಪ್ಪನೆಯ ಇಂಗ್ಲಿಷ್ ಕಾಗದದ ಕಟ್ಟು.

"ಇದನ್ನ ಕನ್ನಡ ಮಾಡಬೇಕಾಗಿತ್ರಿ. ಪುಸ್ತಕದ ಕನ್ನಡ ಬ್ಯಾಡ. ಕೆಲಸಗಾರರಿಗೆ ತಿಳಿಯೋ ಹಂಗಿರಬೇಕು" ಎಂದರು.

ಅದು ಕಾಗದದಲ್ಲಿ ಓದುವ ವಿಷಯವಾಗಿರಲಿಲ್ಲ, ಒಂದು ಕಂಪ್ಯೂಟರ್ ಪ್ರೋಗ್ರಾಮಿನೊಳಗೆ ಹೋಗಬೇಕಾದ ಮಾತುಗಳು. ಕೆಲಸಗಾರ ಹೆಡ್‌ಫೋನ್ ಹಾಕಿಕೊಂಡು ಪರದೆಯ ಮುಂದೆ ಕೂರುತ್ತಾನೆ. ಕಂಪ್ಯೂಟರ್ ಅವನ ಹೆಸರು ಕೇಳುತ್ತದೆ, ಯಾವ ಮಷಿನ್ ಹತ್ತಿರ ಎಷ್ಟು ವರ್ಷ ದುಡಿದಿದ್ದೀರಿ, ಕಿವಿಯೊಳಗೆ ಗುಂಯ್ ಅನ್ನುತ್ತದೆಯೇ ಎಂದು ಕೇಳುತ್ತದೆ. ಹೌದಾದರೆ ಹಸಿರು ಗುಂಡಿ ಒತ್ತಬೇಕು, ಇಲ್ಲವಾದರೆ ಕೆಂಪು. ಅವನ ಉತ್ತರದ ಮೇಲೆ ಮುಂದಿನ ಮಾತು ಬದಲಾಗುತ್ತದೆ. ಆಮೇಲೆ ಸಣ್ಣ ಸಣ್ಣ ಶಬ್ದ ಕೇಳಿಸಿ ಕಿವಿಯ ಪರೀಕ್ಷೆ ಮಾಡುತ್ತದೆ. ಕೊನೆಗೆ ಕಿವಿಗೆ ಹಾಕುವ ಸ್ಪಂಜಿನ ಬಿರಡೆಯನ್ನು ಬೆರಳಲ್ಲಿ ಹೊಸೆದು ತೆಳ್ಳಗೆ ಮಾಡುವುದು, ಕಿವಿಯನ್ನು ಮೇಲಕ್ಕೆಳೆದು ಅದನ್ನು ಒಳಗಿಡುವುದು, ಉಬ್ಬುವವರೆಗೆ ಒತ್ತಿ ಹಿಡಿಯುವುದು, ಎಲ್ಲವನ್ನೂ ಚಿತ್ರದಲ್ಲಿ ತೋರಿಸುತ್ತದೆ. ಆ ಬಿರಡೆಗೆ ಕಾರ್ಖಾನೆಯವರೆಲ್ಲ ಬೂಚು ಅನ್ನುತ್ತಿದ್ದರು.

ಮಾತು ಬರೆದುಕೊಟ್ಟದ್ದಲ್ಲದೆ ದನಿಯನ್ನೂ ನಾನೇ ಕೊಡಬೇಕಾಯಿತು. ದೇಸಾಯಿಯವರ ಕೋಣೆಯ ಕಿಟಕಿಗೆ ಕಂಬಳಿ ಕಟ್ಟಿ, ಫ್ಯಾನ್ ಬಂದ್ ಮಾಡಿ, ಬೆವರುತ್ತ ನಾಲ್ಕು ದಿನ ಓದಿದೆ. ಮೊದಲು ಆಕಾಶವಾಣಿಯವರ ಹಾಗೆ ಓದಿದೆ. ದೇಸಾಯಿ ತಲೆಯಾಡಿಸಿದರು. "ನಿಮ್ಮ ಮನ್ಯಾಗ ಹೆಂಗ ಮಾತಾಡ್ತೀರಿ, ಹಂಗ ಹೇಳ್ರಿ" ಎಂದರು. ಹಾಗೇ ಹೇಳಿದೆ. ಅದರಲ್ಲಿ ಒಂದು ಮಾತು ಹೀಗಿತ್ತು: "ನೀವು ಇಲ್ಲಿ ಹೇಳಿದ್ದು ಇಲ್ಲೇ ಉಳಿತೈತ್ರಿ. ಯಾರಿಗೂ ತಿಳಿಯಂಗಿಲ್ಲ. ಅಂಜಬ್ಯಾಡ್ರಿ, ಖರೆ ಹೇಳ್ರಿ." ಇಂಗ್ಲಿಷಿನಲ್ಲಿ ಇದ್ದದ್ದನ್ನೇ ನಾನು ಹೇಳಿದ್ದು. ಅದು ಯಾರು ಯಾರಿಗೆ ಕೊಡುತ್ತಿರುವ ಮಾತು ಎಂದು ಆಗ ನಾನು ಕೇಳಿಕೊಳ್ಳಲಿಲ್ಲ.

ಶ್ರಾವಣದ ಹೊತ್ತಿಗೆ ಕಂಪ್ಯೂಟರ್ ಕೂರಿಸಿದರು. ಅದನ್ನು ನಡೆಸಲು ನನ್ನನ್ನೇ ಕೆಲಸಕ್ಕೆ ತೆಗೆದುಕೊಂಡರು. ಹಳೆಯ ಸ್ಟೋರ್ ರೂಮಿನ ಗೋಡೆಗೆ ಗೋಣಿಚೀಲ, ಥರ್ಮಾಕೋಲ್ ಬಡಿದು ಒಂದು ಸಪ್ಪಳವಿಲ್ಲದ ಕೋಣೆ ಮಾಡಿದ್ದರು. ಬಾಗಿಲು ತೆರೆದರೆ ಸಾಕು, ಅದಿರು ಒಡೆಯುವ ಕ್ರಷರ್‌ನ ಸದ್ದು ನುಗ್ಗಿ ಬರುತ್ತಿತ್ತು. ಅದು ಎದೆಯ ಗೂಡಿನಲ್ಲಿ ನಡುಗುವ ಸದ್ದು. ಅದರ ಪಕ್ಕದಲ್ಲಿ ಜನ ವರ್ಷಗಟ್ಟಲೆ ನಿಂತಿದ್ದರು. ಕಿವಿಯ ಹತ್ತಿರ ಬಾಯಿಟ್ಟು ಒದರಿ ಮಾತಾಡುತ್ತಿದ್ದರು, ಇಲ್ಲವೆ ಕೈಸನ್ನೆ.

ಆದರೆ ನನ್ನ ಕಂಪ್ಯೂಟರಿನ ಮುಂದೆ ಬಂದು ಕೂತ ಕ್ರಷರ್‌ನವರೆಲ್ಲರ ಕಿವಿಯೂ ಹೊಸ ಮದುಮಕ್ಕಳ ಕಿವಿಯಷ್ಟು ಚೆನ್ನಾಗಿತ್ತು. ಕಿವಿಯಲ್ಲಿ ಗುಂಯ್ ಅನ್ನುತ್ತದೆಯೇ? ಕೆಂಪು. ಮನೆಯಲ್ಲಿ ಟಿವಿ ಜೋರಾಗಿ ಇಡುತ್ತೀರಾ? ಕೆಂಪು. ಪರೀಕ್ಷೆಯಲ್ಲಿ ಶಬ್ದ ಕೇಳಿದಾಗ ಒತ್ತಿರಿ ಎಂದರೆ ಟಪ್, ಟಪ್, ಟಪ್ ಎಂದು ಒಂದೇ ಸಮನೆ ಒತ್ತುತ್ತಿದ್ದರು. ಕಂಪ್ಯೂಟರ್ ನನ್ನದೇ ದನಿಯಲ್ಲಿ, "ಶಾಭಾಸ್, ನಿಮ್ಮ ಕಿವಿ ಭಾಳ ಛಲೋ ಅದಾವ್ರಿ" ಅನ್ನುತ್ತಿತ್ತು. ಹಿಂದೆ ಕೂತ ನಾನು, "ಅಣ್ಣಾರ, ಹೆಡ್‌ಫೋನ್ ತಗೀರಿ, ಮುಗೀತು" ಎಂದು ಮೂರು ಸಲ ಕೂಗಬೇಕಿತ್ತು.

ಯಾರೋ ಹೇಳಿಕೊಟ್ಟಿದ್ದಾರೆ ಎಂದು ನನಗೆ ಸಂಶಯ ಬಂತು. ಒಂದು ದಿನ ನಾನು ಹೆಡ್‌ಫೋನಿನ ವೈರನ್ನೇ ಕಿತ್ತಿಟ್ಟೆ. ಆವತ್ತು ಕೂತಿದ್ದವನು ಕ್ರಷರ್‌ನ ಹಿರಿಯ ಆಳು ಮಾಬುಸಾಬ, ಮಾತುಗಾರ, ಎಲ್ಲರೂ ಅವನ ಮಾತು ಕೇಳುತ್ತಿದ್ದರು. ಅವನು ಸತ್ತ ಹೆಡ್‌ಫೋನ್ ಹಾಕಿಕೊಂಡು, ಮನಸ್ಸಿನಲ್ಲೇ ಮೂರು ಎಣಿಸಿ ಒಂದು ಸಲ, ಮೂರು ಎಣಿಸಿ ಒಂದು ಸಲ, ಗುಂಡಿ ಒತ್ತುತ್ತ ಕೂತ. ಮುಗಿದ ಮೇಲೆ ನಾನು ಕಿತ್ತ ವೈರನ್ನು ಎತ್ತಿ ತೋರಿಸಿದೆ.

ಅವನಿಗೆ ನಾಚಿಕೆಯಾಗಲಿಲ್ಲ. ಬದಲಿಗೆ ನನ್ನನ್ನೇ ಗುರಾಯಿಸಿ ನೋಡಿದ.

"ನೀವು ನಮ್ಮನ್ನ ಪರೀಕ್ಷಾ ಮಾಡ್ತೀರಿ, ನಾವು ನಿಮ್ಮನ್ನ ಮಾಡಿದ್ವಿ. ಏನ್ ತಪ್ಪೈತ್ರಿ? ಇದಕ್ಕೂ ಮೊದಲ ನಾ ಇದ್ದ ಕಾರ್ಖಾನ್ಯಾಗ ಕಣ್ಣಿನ ಶಿಬಿರ ಅಂತ ಮಾಡಿದ್ರು. ಪುಗಸೆಟ್ಟೆ ಚಷ್ಮಾ ಕೊಡ್ತೀವಿ ಅಂದ್ರು. ಚಷ್ಮಾ ಬರಲಿಲ್ಲ. ಯಾರ‍್ಯಾರ ಕಣ್ಣು ಮಂದ ಇದ್ವು, ಅವರಿಗೆಲ್ಲಾ ಮುಂದಿನ ತಿಂಗಳ ಗೇಟಿನ್ಯಾಗ ಪಾಸ್ ಬಂದ್. ಈಗ ಕಿವಿ ಪಾಳಿ ಬಂದೈತಿ ಅಷ್ಟ."

"ಇದು ಹಂಗಲ್ರಿ. ಇಲ್ಲಿ ಹೇಳಿದ್ದು ಹೊರಗ ಹೋಗಂಗಿಲ್ಲ."

"ಯಾರು ಹೇಳ್ಯಾರು?"

"ಕಂಪ್ಯೂಟರ್ ಹೇಳತೈತಲ್ಲ."

"ಕಂಪ್ಯೂಟರ್ ಒಳಗ ಹೇಳವರು ನೀವ. ನಿಮಗ ಹೇಳಂದವರು ಯಾರು?"

ನಾನು ಆ ಸಂಜೆ ದೇಸಾಯಿಯವರ ಕೋಣೆಗೆ ಹೋಗಿ ಅದನ್ನೇ ಕೇಳಿದೆ. ಅವರು ಕಡತ ಮುಚ್ಚಿ, "ನನ್ನ ಕಂಪ್ಯೂಟರಿಗೆ ಬರತಾವು. ಮ್ಯಾಲಿನವರಿಗೆ ಹೆಸರಿಲ್ಲದ ಲೆಕ್ಕ ಅಷ್ಟ ಹೋಗೂದು. ಯಾರನ್ನೂ ತಗಿಯೂದಿಲ್ಲ" ಎಂದರು. ಹೇಳುವಾಗ ಅವರು ಕಿಟಕಿಯ ಹೊರಗೆ ನೋಡುತ್ತಿದ್ದರು. ನಾನು ಅದನ್ನು ಗಮನಿಸಿದೆ, ಮನಸ್ಸಿನಲ್ಲಿ ಇಟ್ಟುಕೊಂಡೆ. ಆದರೂ ಅವರು ಹೇಳಿದ್ದನ್ನು ಹಾಗೆಯೇ ಹೋಗಿ ಎಲ್ಲರಿಗೂ ಹೇಳಿದೆ. ನಾನು ಮಾತು ಕೊಡುತ್ತೇನೆ ಎಂದೂ ಹೇಳಿದೆ.

ಆ ಮಾತನ್ನು ಮೊದಲು ತೆಗೆದುಕೊಂಡವನು ಹುಲಿಗೆಪ್ಪ. ಐವತ್ತರ ಆಸುಪಾಸಿನ ಮನುಷ್ಯ. ಕ್ರಷರ್‌ಗೆ ಬರುವ ಮೊದಲು ಕಲ್ಲಿನ ಕ್ವಾರಿಯಲ್ಲಿ ದುಡಿದವನು. ಯಾರೊಂದಿಗೂ ಹೆಚ್ಚು ಬೆರೆಯುತ್ತಿರಲಿಲ್ಲ, ಊಟಕ್ಕೂ ಒಬ್ಬನೇ ಬೇರೆ ಕೂರುತ್ತಿದ್ದ. ಸೊಕ್ಕಿನ ಮನುಷ್ಯ ಎಂದು ಎಲ್ಲರ ಅಭಿಪ್ರಾಯ. ನಾನು ಮಾತಾಡುವಾಗ ಅವನು ನನ್ನ ಬಾಯಿಯನ್ನೇ ನೆಟ್ಟ ಕಣ್ಣಿಂದ ನೋಡುತ್ತಿದ್ದ, ಅದರಿಂದ ನನಗೆ ಮುಜುಗರವಾಗುತ್ತಿತ್ತು.

"ನಿನ್ನ ಹೆಸರೇನವಾ?"

"ಗಿರಿಜಾ ಅಂತ, ಕಾಕಾ."

"ಖರೆ ಹೇಳಲೇನು ಗಿರಿಜವ್ವಾ? ಹೇಳಿದ್ರ ನಡೀತೈತೇನು?"

"ಹೇಳ್ರಿ ಕಾಕಾ. ನಾ ಅದೀನಿ."

ಅವನು ಹಸಿರು ಗುಂಡಿ ಒತ್ತತೊಡಗಿದ. ಗುಂಯ್ ಅನ್ನುತ್ತದೆಯೇ? ಹಸಿರು. ಜನರ ನಡುವೆ ಮಾತು ತಿಳಿಯುವುದಿಲ್ಲವೇ? ಹಸಿರು. ಶಬ್ದದ ಪರೀಕ್ಷೆಯಲ್ಲಿ ಬಹಳ ಹೊತ್ತು ಬೆರಳು ಅಲುಗದೆ ಕೂತ. ಪರದೆಯ ಮೇಲೆ ಗೆರೆ ಇಳಿಯುತ್ತ ಇಳಿಯುತ್ತ ಹೋಯಿತು. ಆಮೇಲೆ ಎರಡು ದನಿಗಳ ಭಾಗ ಬಂತು. ಒಂದೇ ವಾಕ್ಯವನ್ನು ಎರಡು ಸಲ ಕೇಳಿಸುವುದು: ಮೊದಲನೆಯದು ಒಳ್ಳೆಯ ಕಿವಿಗೆ ಕೇಳುವಂತೆ, ಎರಡನೆಯದು ಸದ್ದಿನಲ್ಲಿ ಹತ್ತು ವರ್ಷ ಬೂಚಿಲ್ಲದೆ ದುಡಿದ ಕಿವಿಗೆ ಕೇಳುವಂತೆ. ವಾಕ್ಯ ನನ್ನದೇ. "ಸಂತಿಗೆ ಹೋಗಿ ಸಜ್ಜಿ, ಶೇಂಗಾ, ಸಕ್ಕರಿ ತಗೊಂಡು ಬರ್ರಿ." ಎರಡನೆಯದರಲ್ಲಿ ಸ, ಶ, ತ ಎಲ್ಲ ಉದುರಿಹೋಗಿ, ನೀರಿನೊಳಗಿಂದ ಯಾರೋ ಗೊಣಗಿದಂತೆ ಇರುತ್ತಿತ್ತು. ಅದನ್ನು ಕೇಳಿದವರು ಸಾಮಾನ್ಯವಾಗಿ ಬೆಚ್ಚಿ ಹೆಡ್‌ಫೋನ್ ಮುಟ್ಟಿಕೊಳ್ಳುತ್ತಿದ್ದರು.

ಹುಲಿಗೆಪ್ಪ ಎರಡನ್ನೂ ಕೇಳಿ ನನ್ನ ಕಡೆ ತಿರುಗಿದ. "ಒಂದ ಮಾತನ್ನ ಎರಡ ಸಲಾ ಯಾಕ ಹೇಳ್ತಿ?" ಎಂದ.

ಚೇಷ್ಟೆ ಮಾಡುತ್ತಿದ್ದಾನೆ ಎಂದುಕೊಂಡು ನಕ್ಕೆ. ಅವನು ನಗಲಿಲ್ಲ. ಇನ್ನೊಂದು ಸಲ ಕೇಳಿಸಿದೆ. "ಎರಡೂ ಒಂದ ಅದಾವಲ್ಲವಾ" ಎಂದ. ಆಗ ನನಗೆ ಅರ್ಥವಾಯಿತು. ಅದನ್ನು ಅವನಿಗೆ ಹೇಗೆ ಹೇಳುವುದೆಂದು ತಿಳಿಯಲಿಲ್ಲ. ಹೆಡ್‌ಫೋನ್ ತೆಗೆಸಿ, ಎದುರಿಗೆ ಕೂತು, ಬಾಯಿ ಅಗಲಿಸಿ, ನಿಧಾನವಾಗಿ ಹೇಳಿದೆ: ಎರಡೂ ಬೇರೆ ಬೇರೆ ಇವೆ ಕಾಕಾ, ಉಳಿದವರಿಗೆ ಬೇರೆ ಬೇರೆ ಕೇಳುತ್ತವೆ.

ಅವನು ಗೋಡೆಯ ಗೋಣಿಚೀಲದ ಕಡೆ ಮುಖ ತಿರುಗಿಸಿದ. ಆಮೇಲೆ ಹೇಳಿದ: "ನನ್ನ ಹೇಣ್ತಿ ಬೇಕಂತ ಬಾಯಾಗ ಮಾತಾಡ್ತಾಳ ಅಂತ ತಿಳಕೊಂಡಿದ್ದೆ. ಆಕಿ ಅಣ್ಣ ಮನಿಗೆ ಬಂದಾಗ ಇಬ್ರೂ ಗುಸುಗುಸು ಅಂತಿದ್ರು. ನನ್ನ ಸುದ್ದಿನ ಆಡಾಕತ್ಯಾರ ಅಂತ ಅವನನ್ನ ಮನಿಗೆ ಬರಬ್ಯಾಡ ಅಂದೆ. ನಾಕು ವರ್ಷಾತು."

ಹೋಗುವಾಗ ಬಾಗಿಲಲ್ಲಿ ನಿಂತು, "ಆಕಿನ್ನ ಒಮ್ಮೆ ಇಲ್ಲಿ ಕೂಡಿಸಾಕ ಆಗತೈತೇನು?" ಎಂದು ಕೇಳಿದ.

ಹೊರಗಿನವರನ್ನು ಒಳಗೆ ಬಿಡುವುದು ಕಾರ್ಖಾನೆಯ ನಿಯಮವಲ್ಲ. ದೇಸಾಯಿ ಒಪ್ಪಲಾರರು ಎಂದುಕೊಂಡೇ ಕೇಳಿದೆ. ಅವರು ಅಲ್ಲೇ ಗೇಟ್ ಪಾಸ್ ಬರೆದುಕೊಟ್ಟರು. ರವಿವಾರ ಗಂಗವ್ವ ಬಂದಳು, ಸಣ್ಣ ಮೈಯ, ಚುರುಕು ಕಣ್ಣಿನ ಹೆಂಗಸು. ಕಾರ್ಖಾನೆಯನ್ನು, ನನ್ನನ್ನು, ಕಂಪ್ಯೂಟರನ್ನು ಎಲ್ಲವನ್ನೂ ಅನುಮಾನದಿಂದಲೇ ನೋಡಿದಳು. ಮೊದಲ ದನಿ ಕೇಳಿ ತಲೆಯಾಡಿಸಿದಳು. ಎರಡನೆಯದು ಬಂದಾಗ ಹುಬ್ಬು ಗಂಟಿಕ್ಕಿದಳು.

"ಇದು ಕೆಟ್ಟೈತೇನವಾ?"

"ಇಲ್ರಿ ಅಮ್ಮಾ. ಕಾಕಾಗ ಹಿಂಗ ಕೇಳತೈತಿ."

"ಎಲ್ಲಾ ಮಾತೂ?"

"ಭಾಳ ಮಾತು ಹಿಂಗ."

ಅವಳು ಹೆಡ್‌ಫೋನ್ ತೆಗೆದು ಮಡಿಲಲ್ಲಿಟ್ಟುಕೊಂಡು, ಪಕ್ಕದಲ್ಲಿ ನಿಂತ ಗಂಡನನ್ನು ತಲೆಯೆತ್ತಿ ನೋಡಿದಳು. "ಎಂಥಾ ಗಂಡಸಪಾ ನೀನು! ಕೇಳಂಗಿಲ್ಲ ಅಂತ ಒಂದ ಮಾತು ಹೇಳಬಾರದಾ? ನಾ ನಿನಗ ಬ್ಯಾಡಾಗೀನಿ ಅಂತ ತಿಳಕೊಂಡಿದ್ದೆ" ಎಂದಳು. ಅವನು ಅವಳ ಬಾಯಿಯನ್ನೇ ನೋಡುತ್ತಿದ್ದ. ಎಲ್ಲವೂ ತಿಳಿಯಿತೋ ಅರ್ಧ ತಿಳಿಯಿತೋ, ತಲೆ ತಗ್ಗಿಸಿದ.

ಆ ಸುದ್ದಿ ಕ್ರಷರ್‌ನ ಮೂರೂ ಪಾಳಿಗೆ ಹಬ್ಬಿತು. ದೀಪಾವಳಿ ಕಳೆಯುವ ಹೊತ್ತಿಗೆ ಒಬ್ಬೊಬ್ಬರಾಗಿ ನಿಜ ಹೇಳತೊಡಗಿದರು. ಮಾಬುಸಾಬ ಕೊನೆಗೆ ಬಂದ. "ವೈರ್ ಕೂಡಿಸೀರೇನು ಈ ಸಲ?" ಎಂದು ಕೇಳಿ, ತಾನೇ ಬಗ್ಗಿ ನೋಡಿ, ಕೂತ. ಅವನ ಬಲಗಿವಿ ಅರ್ಧದಷ್ಟು ಹೋಗಿತ್ತು. ಬೂಚು ಹಾಕುವುದನ್ನು ಪರದೆ ನೋಡಿ ಕಲಿತರು. ಮೊದಲೆಲ್ಲ ಅದನ್ನು ಹೊಸೆಯದೆ ಕಿವಿಯ ಬಾಯಲ್ಲಿ ಸಿಗಿಸಿಕೊಂಡು ಓಡಾಡುತ್ತಿದ್ದವರು ಈಗ ಒಬ್ಬರ ಕಿವಿಯನ್ನು ಇನ್ನೊಬ್ಬರು ಪರೀಕ್ಷಿಸುತ್ತಿದ್ದರು. ಆ ಚಳಿಗಾಲದ ಎರಡು ತಿಂಗಳು ನನಗೆ ಸುಖವಾಗಿತ್ತು. ಮುಂಜಾನೆ ಬಸ್ಸಿಳಿದು ನಡೆದು ಬರುವಾಗ, "ಶಾಭಾಸ್ ಅಕ್ಕಾರು ಬಂದ್ರು" ಎಂದು ಗೇಟಿನ ಹತ್ತಿರ ಯಾರಾದರೂ ಕೂಗುತ್ತಿದ್ದರು.

ಸಂಕ್ರಾಂತಿ ಆದ ಮೇಲೆ ಒಂದು ಮಧ್ಯಾಹ್ನ ಪಾಳಿಯ ಪಟ್ಟಿ ತರಲು ಗುತ್ತಿಗೆದಾರ ವೀರೇಶಪ್ಪನ ಆಫೀಸಿಗೆ ಹೋದೆ. ಕ್ರಷರ್‌ನವರಲ್ಲಿ ಹೆಚ್ಚಿನವರು ಅವನ ಕೈಕೆಳಗೆ ದುಡಿಯುವವರು. ಅವನ ಗುತ್ತಿಗೆ ಮಾರ್ಚ್‌ನಲ್ಲಿ ಹೊಸದಾಗುತ್ತಿತ್ತು, ಯಾರನ್ನು ಮುಂದುವರಿಸಬೇಕೆಂಬುದು ಅವನ ಇಷ್ಟ. ಅವನು ಫೋನಿನಲ್ಲಿದ್ದ. ಮೇಜಿನ ಮೇಲೆ ಒಂದು ಕಾಗದ ಬಿದ್ದಿತ್ತು. ಅಕ್ಷರ ನೋಡಿದ ಕೂಡಲೆ ಗುರುತು ಹತ್ತಿತು, ಅದು ನಮ್ಮ ಕೋಣೆಯ ಕಂಪ್ಯೂಟರಿನಲ್ಲಿ ನಾನು ಕೂರಿಸಿದ್ದ ಕನ್ನಡ ಅಕ್ಷರ. ಕ್ರಷರ್‌ನವರ ಹೆಸರು, ಹೆಸರಿನ ಮುಂದೆ ಬಲಗಿವಿ, ಎಡಗಿವಿ. ಆರು ಹೆಸರಿನ ಪಕ್ಕದಲ್ಲಿ ಕೆಂಪು ಪೆನ್ನಿನ ಗುರುತು. ಮೊದಲನೆಯದು ಹುಲಿಗೆಪ್ಪ.

ವೀರೇಶಪ್ಪ ಫೋನ್ ಕೆಳಗಿಟ್ಟು ಕಾಗದವನ್ನು ಡ್ರಾಯರಿಗೆ ಹಾಕಿದ. "ಏನ್ರೀ ಮೇಡಮ್, ಪಾಳಿ ಪಟ್ಟಿ ಬೇಕಾಗಿತ್ತೇನು?" ಎಂದು ನಕ್ಕ.

ನಾನು ನೇರವಾಗಿ ದೇಸಾಯಿಯವರ ಕೋಣೆಗೆ ಹೋದೆ.

"ಸರ್, ವೀರೇಶಪ್ಪನ ಕೈಗೆ ನಮ್ಮ ಪಟ್ಟಿ ಹೆಂಗ ಹೋತ್ರಿ?"

ಅವರ ಮುಖ ಬಿಳುಚಿತು. "ನಾ ಕೊಟ್ಟಿಲ್ಲ ಗಿರಿಜಾ" ಎಂದರು.

"ನಿಮ್ಮ ಕಂಪ್ಯೂಟರಿಗೆ ಬಿಟ್ರ ಎಲ್ಲೂ ಹೋಗಂಗಿಲ್ಲ ಅಂದಿದ್ರಲ್ರಿ."

"ನಾ ವಿಚಾರಸ್ತೀನಿ. ನೀವು ಯಾರಿಗೂ ಏನೂ ಹೇಳಬ್ಯಾಡ್ರಿ."

ಒಂದು ವಾರ ಕಾದೆ. ವಿಚಾರಿಸಿದೆ ಎಂದಾಗಲಿ, ಇಲ್ಲ ಎಂದಾಗಲಿ ಅವರು ಹೇಳಲಿಲ್ಲ. ಎದುರಿಗೆ ಸಿಕ್ಕರೆ ಏನೋ ಹೇಳಲು ಬಾಯಿ ತೆರೆದು, ಮತ್ತೆ ಮುಚ್ಚಿಕೊಂಡು ಹೋಗಿಬಿಡುತ್ತಿದ್ದರು. ತಪ್ಪು ಮಾಡಿದವನ ಲಕ್ಷಣ ಇದಲ್ಲದೆ ಇನ್ನೇನು ಎಂದು ನಾನು ತೀರ್ಮಾನಿಸಿದೆ. ನನ್ನ ಹಳ್ಳಿ ಮಾತು ಬೇಕೆಂದದ್ದು, ಗಂಗವ್ವನಿಗೆ ಪಾಸ್ ಬರೆದುಕೊಟ್ಟದ್ದು, ಎಲ್ಲವೂ ಜನರ ಬಾಯಿ ಬಿಡಿಸಲು ಹೂಡಿದ ಆಟ ಎಂದು ತೋರತೊಡಗಿತು. ರಾತ್ರಿ ಊಟ ಸೇರುತ್ತಿರಲಿಲ್ಲ. ಅತ್ತೆ ಏನಾಯಿತೆಂದು ಕೇಳಿದರೆ ಅವಳ ಮೇಲೂ ರೇಗುತ್ತಿದ್ದೆ.

ಅಷ್ಟರಲ್ಲಿ ಸುದ್ದಿ ಹೊರಗೆ ಬಿದ್ದಿತು. ವೀರೇಶಪ್ಪನೇ ಯಾರಿಗೋ, "ಕಿವುಡರನ್ನ ಇಟ್ಕೊಂಡು ನಾ ಏನ್ ಮಾಡ್ಲಿ" ಎಂದನಂತೆ. ಮರುದಿನದಿಂದ ಗೇಟಿನಲ್ಲಿ ಯಾರೂ ಕೂಗಲಿಲ್ಲ. ಮಾಬುಸಾಬ ನನ್ನ ಕೋಣೆಗೆ ಬಂದು, ಕೂರದೆ, ನಿಂತೇ ಹೇಳಿದ: "ನೀವು ಹೆಣ್ಮಗಳು, ನಿಮಗ ಏನೂ ಅನ್ನಂಗಿಲ್ಲ. ಆದ್ರ ಆ ದನಿ ನಿಮ್ಮದು. ಅಷ್ಟ ನೆನಪಿಡ್ರಿ." ಹುಲಿಗೆಪ್ಪ ಎದುರು ಸಿಕ್ಕಾಗ ನನ್ನ ಬಾಯಿಯ ಕಡೆ ನೋಡುವುದನ್ನು ಬಿಟ್ಟ. ನನ್ನ ಮಾತು ಅವನಿಗೆ ಬೇಡವಾಗಿತ್ತು.

ಕೆಲಸ ಬಿಟ್ಟು ಯಲಬುರ್ಗಾಕ್ಕೆ ಹೋಗಿಬಿಡೋಣ ಎಂದು ಎರಡು ದಿನ ಯೋಚಿಸಿದೆ. ಆದರೆ ನಾನು ಹೋದರೂ ನನ್ನ ದನಿ ಅಲ್ಲೇ ಕೂತು, ಯಾರಿಗೂ ತಿಳಿಯುವುದಿಲ್ಲ, ನಿಜ ಹೇಳಿರಿ ಎಂದು ಹೊಸಬರಿಗೆಲ್ಲ ಹೇಳುತ್ತಲೇ ಇರುತ್ತದೆ. ಮೂರನೆಯ ದಿನ ಕೋಣೆಯ ಬಾಗಿಲು ಹಾಕಿಕೊಂಡು ಮೈಕು ಜೋಡಿಸಿದೆ. ಹಳೆಯ ಮಾತನ್ನು ಅಳಿಸಿ ಅದೇ ಜಾಗದಲ್ಲಿ ಹೊಸದನ್ನು ಹೇಳಿದೆ. "ನೀವು ಇಲ್ಲಿ ಹೇಳಿದ್ದು ಆಫೀಸಿಗೆ ಹೋಗತೈತ್ರಿ. ಗುತ್ತಿಗೆದಾರರ ಕೈಗೂ ಸಿಗತೈತಿ. ಅದನ್ನ ತಿಳಕೊಂಡು, ಹೇಳಬೇಕಂದ್ರ ಹೇಳ್ರಿ. ಬ್ಯಾಡಂದ್ರ ಬೂಚು ಹಾಕೂದು ಕಲತು ಹೋಗ್ರಿ."

ಅದನ್ನು ಮೊದಲು ಕೇಳಿದವನು ಹೆಡ್‌ಫೋನ್ ಹಾಕಿಕೊಂಡೇ ಥಟ್ಟನೆ ನನ್ನ ಕಡೆ ತಿರುಗಿದ. ಎರಡೇ ದಿನದಲ್ಲಿ ಇಡೀ ಕಾರ್ಖಾನೆಯ ಕೂಲಿಯವರಿಗೆ ಗೊತ್ತಾಯಿತು. ಆಫೀಸಿನವರು ಯಾರೂ ಆ ಪ್ರೋಗ್ರಾಮಿನ ಮುಂದೆ ಕೂರುತ್ತಿರಲಿಲ್ಲವಾದ್ದರಿಂದ ಅವರಿಗೆ ಗೊತ್ತಾಗಲಿಲ್ಲ. ಪ್ರಶ್ನೆಗೆಲ್ಲ ಮತ್ತೆ ಕೆಂಪು ಗುಂಡಿ ಬೀಳತೊಡಗಿತು. ಆದರೆ ಬೂಚಿನ ಪಾಠವನ್ನು ಯಾರೂ ಬಿಡಲಿಲ್ಲ. "ಈಗ ಮಷಿನ್ ಖರೆ ಹೇಳಾಕತ್ತೈತಿ" ಎಂದು ಮಾಬುಸಾಬ ಎಲ್ಲರೆದುರು ಹೇಳಿದನಂತೆ. ನನ್ನೊಂದಿಗೆ ಮಾತ್ರ ಮಾತಾಡಲಿಲ್ಲ.

ಶಿವರಾತ್ರಿಯ ಮುಂಚೆ ಕಾರ್ಖಾನೆ ತಪಾಸಣೆಗೆ ಒಬ್ಬ ಸರ್ಕಾರಿ ಅಧಿಕಾರಿ ಬಂದರು. ನಡುವಯಸ್ಸಿನ ಹೆಂಗಸು, ಕಡಿಮೆ ಮಾತು. ಜನರಲ್ ಮ್ಯಾನೇಜರ್ ಅವರನ್ನು ನಮ್ಮ ಕೋಣೆಗೆ ಕರೆತಂದರು. ಕಂಪ್ಯೂಟರಿನಿಂದ ಕೆಲಸಗಾರರ ಕಿವಿ ಕಾಯುವ ಕಾರ್ಖಾನೆ ಈ ಜಿಲ್ಲೆಯಲ್ಲಿ ನಮ್ಮದೊಂದೇ ಎಂದು ದಾರಿಯುದ್ದಕ್ಕೂ ಹೇಳುತ್ತ ಬಂದಿದ್ದರು. ಹಿಂದೆ ದೇಸಾಯಿ, ಅವರ ಹಿಂದೆ ವೀರೇಶಪ್ಪ. "ಎಲ್ಲಾರಿಗೂ ಕೇಳೋ ಹಂಗ ಸ್ಪೀಕರಿಗೆ ಹಚ್ರಿ" ಎಂದು ಮ್ಯಾನೇಜರ್ ನನಗೆ ಹೇಳಿದರು.

ಆ ಒಂದು ಕ್ಷಣ ನನಗೆ ಇನ್ನೂ ನೆನಪಿದೆ. ಆ ಭಾಗವನ್ನು ದಾಟಿಸಿ ಮುಂದಿನದನ್ನು ತೋರಿಸುವುದು ನನ್ನ ಕೈಯಲ್ಲಿತ್ತು, ಒಂದು ಗುಂಡಿ ಒತ್ತಿದರೆ ಸಾಕಿತ್ತು. ನಾನು ಒತ್ತಲಿಲ್ಲ.

ನನ್ನ ದನಿ ನಮಸ್ಕಾರ ಹೇಳಿತು, ಹೆಸರು ಕೇಳಿತು, ಆಮೇಲೆ ಆ ಮಾತು ಹೇಳಿತು. ಮ್ಯಾನೇಜರ್ ನಗಲು ನೋಡಿದರು. "ಏನೋ ತಪ್ಪಾಗೇದ" ಎಂದರು.

ಅಧಿಕಾರಿ ನನ್ನನ್ನು ಕೇಳಲಿಲ್ಲ. ದೇಸಾಯಿಯವರ ಕಡೆ ತಿರುಗಿದರು. "ಸೇಫ್ಟಿ ಆಫೀಸರ್ ನೀವಲ್ಲವೇ? ಇದು ನಿಜವೇ?"

ದೇಸಾಯಿ ಕನ್ನಡಕ ತೆಗೆದು ಒರೆಸಿದರು. "ಖರೆ ಅದ ಮೇಡಮ್" ಎಂದರು. "ಪಟ್ಟಿ ಗುತ್ತಿಗೆದಾರರ ಕಡೆ ಅದ. ಆರು ಮಂದೀನ ಮಾರ್ಚಿಗೆ ಬಿಡಿಸೋ ವಿಚಾರ ಅದ."

ವೀರೇಶಪ್ಪ ಕೂಗಾಡಿದ. ಅಧಿಕಾರಿ ಅವನ ಡ್ರಾಯರಿನಿಂದ ಆ ಕಾಗದವನ್ನು ತರಿಸಿಕೊಂಡು ತಮ್ಮ ಕಡತದಲ್ಲಿಟ್ಟುಕೊಂಡರು. ಸದ್ದಿನಿಂದ ಕಿವಿ ಹೋದವರನ್ನು ಹೊರಗೆ ಹಾಕಬೇಡಿ, ಸದ್ದು ಕಡಿಮೆ ಇರುವ ಕಡೆ ಹಾಕಿ ಎಂದು ಬರೆದುಕೊಟ್ಟು ಹೋದರು. ಆಗಲೂ ನನ್ನ ಸಂಶಯ ಹೋಗಲಿಲ್ಲ. ಸಿಕ್ಕಿಬಿದ್ದ ಮೇಲೆ ದೇಸಾಯಿ ಎಲ್ಲವನ್ನೂ ವೀರೇಶಪ್ಪನ ತಲೆಗೆ ಕಟ್ಟಿದರು ಎಂದೇ ತಿಳಿದೆ. ಎರಡು ವಾರದಲ್ಲಿ ಅವರನ್ನು ಕಂಪನಿ ದೂರದ ಇನ್ನೊಂದು ಘಟಕಕ್ಕೆ ವರ್ಗ ಮಾಡಿತು. ಹೋಗುವ ದಿನ ನನ್ನ ಕೋಣೆಯ ಬಾಗಿಲಿಗೆ ಬಂದು, "ಬರ್ತೀನಿ ಗಿರಿಜಾ" ಎಂದರು. ನಾನು ಪರದೆಯಿಂದ ಕಣ್ಣು ಎತ್ತಲಿಲ್ಲ.

ಆರು ಜನರಲ್ಲಿ ಐವರು ಉಳಿದರು. ಹುಲಿಗೆಪ್ಪನನ್ನು ಲಾರಿ ತೂಗುವ ಕಾಟಾದ ಹತ್ತಿರ ಹಾಕಿದರು. ಯಂಕಪ್ಪ ಎಂಬ ಒಬ್ಬನನ್ನು ಮಾತ್ರ ಗೈರುಹಾಜರಿಯ ನೆಪ ಹೇಳಿ ಬಿಡಿಸಿದರು. ಅವನು ಹೆಂಡತಿ ಮಕ್ಕಳೊಂದಿಗೆ ನವಲಿಯ ಕಡೆ ಭತ್ತದ ಗದ್ದೆ ಕೆಲಸಕ್ಕೆ ಹೋದ ಎಂದು ಕೇಳಿದೆ. ನನಗೂ ಏಪ್ರಿಲ್ ಕೊನೆಗೆ ಬರುವುದು ಬೇಡ ಎಂದರು.

ಕೊನೆಯ ವಾರ ಸಾಮಾನು ಒಪ್ಪಿಸಲು ಆಫೀಸಿಗೆ ಹೋಗಿದ್ದೆ. ವೀರೇಶಪ್ಪನ ಕ್ಲಾರ್ಕ್ ಶಿವಮೂರ್ತಿ ಕಾಗದಗಳಿಗೆ ಸಹಿ ಹಾಕಿಸಿಕೊಳ್ಳುತ್ತಿದ್ದ, ಒಳ್ಳೆಯ ಹುಡುಗ. ಅವನಿಗೆ ನನ್ನ ಮೇಲೆ ಸಿಟ್ಟೇನೂ ಇರಲಿಲ್ಲ.

"ಒಂದು ಮಾತು ತಿಳೀಲಿಲ್ರಿ ಅಕ್ಕಾರ" ಎಂದ. "ಪಟ್ಟಿ ನೀವ ಕಳಿಸಿ, ಆಮ್ಯಾಲ ನೀವ ಯಾಕ ಗದ್ದಲ ಮಾಡಿದ್ರಿ?"

"ನಾ ಎಲ್ಲಿ ಕಳಿಸೀನಿ?"

"ಡಿಸೆಂಬರಿನ್ಯಾಗ ಕಳಿಸಿದ್ರಲ್ಲ. ನಿಮ್ಮ ಕಂಪ್ಯೂಟರಿಂದ ನಮ್ಮ ಪ್ರಿಂಟರಿಗೆ ಮೂರು ಸಲಾ ಬಂತು. ಒಂದ ಕಾಗದ ಸಾಲದ ಮೂರು ಯಾಕ ಅಂತ ನಾನ ನಕ್ಕೆ. ವೀರೇಶಪ್ಪ ಸಾಹೇಬರಿಗೆ ಅಂತ ಕಳಿಸ್ಯಾರ ಅಂತ ತಿಳಕೊಂಡು ಮೇಜಿನ ಮ್ಯಾಲ ಇಟ್ಟೆ."

ಡಿಸೆಂಬರಿನಲ್ಲಿ ವೈರಿನವರು ಬಂದು ಕಾರ್ಖಾನೆಯ ಎಲ್ಲ ಕಂಪ್ಯೂಟರ್‌ಗಳನ್ನು ಒಂದಕ್ಕೊಂದು ಜೋಡಿಸಿ ಹೋಗಿದ್ದರು. ಅದಕ್ಕೂ ಮೊದಲು ನನ್ನದಕ್ಕೆ ದೇಸಾಯಿಯವರ ಕಂಪ್ಯೂಟರಿನೊಂದಿಗೆ ಮಾತ್ರ ಜೋಡಣೆ ಇತ್ತು. ಮರುದಿನ ನಾನು ಬೂಚು ಹಂಚುವುದಕ್ಕೆಂದು ಯಾರ ಕಿವಿ ಹೇಗಿದೆ ಎಂಬ ಪಟ್ಟಿ ತೆಗೆಯಲು ಹೋಗಿದ್ದೆ. ಪ್ರಿಂಟರಿನಿಂದ ಕಾಗದ ಬರಲಿಲ್ಲ. ಮತ್ತೆ ಒತ್ತಿದೆ. ಬರಲಿಲ್ಲ. ಮತ್ತೊಮ್ಮೆ ಒತ್ತಿ, ಕೆಟ್ಟಿದೆ ಎಂದುಕೊಂಡು, ಕೈಯಲ್ಲೇ ಬರೆದುಕೊಂಡಿದ್ದೆ. ಕಾಗದಗಳು ಬಂದಿದ್ದವು. ನನ್ನ ಕೋಣೆಯಲ್ಲಲ್ಲ, ವೀರೇಶಪ್ಪನ ಕೋಣೆಯಲ್ಲಿ.

ಸಹಿ ಹಾಕಿದೆನೋ ಇಲ್ಲವೋ ನೆನಪಿಲ್ಲ. ಹೊರಗೆ ಬಂದು ಬಿಸಿಲಲ್ಲಿ ಕಾಟಾದವರೆಗೆ ನಡೆದೆ. ಹುಲಿಗೆಪ್ಪ ಲಾರಿಯ ಚೀಟಿ ಹಿಡಿದು ನಿಂತಿದ್ದ. ಅವನ ಎದುರಿಗೆ ನಿಂತು, ಅವನು ನನ್ನ ಬಾಯಿ ನೋಡುವವರೆಗೆ ಕಾದು, ಎಲ್ಲವನ್ನೂ ಹೇಳಿದೆ. ಯಂಕಪ್ಪನ ಕೆಲಸ ಹೋದದ್ದೂ ಅದರಿಂದಲೇ ಎಂದೆ.

ಅವನು ಚೀಟಿಯನ್ನು ಮಡಿಚಿ ಜೇಬಿಗಿಟ್ಟ. "ನಿನ್ನ ಮ್ಯಾಲ ಸಂಶೇ ಇತ್ತು" ಎಂದ. "ಬೇಕಂತ ಕೊಟ್ಟಿ ಅಂತ. ಗೊತ್ತಿಲ್ದ ಕೊಟ್ಟಿ ಅಂದ್ರ ಅದು ಬ್ಯಾರೆ."

"ಸಿಟ್ಟು ಐತೇನ್ರಿ ಕಾಕಾ?"

"ಐತಿ. ಇರ‍್ಲಿ ಬಿಡು, ಹೋಗತೈತಿ." ಆಮೇಲೆ, "ಮಾಬುಸಾಬಗೂ ನೀನ ಹೇಳು. ನಾ ಹೇಳಿದ್ರ, ಕಿವುಡ ಅರ್ಧಾ ಕೇಳಿ ಬಂದಾನ ಅಂತಾನ" ಎಂದ.

ಮಾಬುಸಾಬನಿಗೆ ಹೇಳಿದೆ. ಅವನು ಕೇಳಿದ, ತಲೆಯಾಡಿಸಿದ, ನಂಬಿದನೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ. ಯಂಕಪ್ಪನಿಗೆ ಹೇಳಲು ನವಲಿಗೆ ಹೋಗಬೇಕೆಂದು ಎಷ್ಟೋ ಸಲ ಅಂದುಕೊಂಡೆ. ಹೋಗಲಿಲ್ಲ. ಅದಕ್ಕೆ ನನ್ನ ಹತ್ತಿರ ಯಾವ ಸಬೂಬೂ ಇಲ್ಲ.

ದೇಸಾಯಿಯವರ ನಂಬರ್ ಹುಡುಕಿ ಫೋನ್ ಮಾಡಲು ಒಂದು ತಿಂಗಳು ಬೇಕಾಯಿತು. ಕೊಪ್ಪಳದ ಬಸ್ ಸ್ಟ್ಯಾಂಡಿನ ಹತ್ತಿರದ ಬೂತಿನಿಂದ ಮಾಡಿದೆ. ನನ್ನ ದನಿ ಕೇಳಿ ಅವರಿಗೆ ಸಂತೋಷವಾದಂತೆ ತೋರಿತು. ನಾನು ತಡೆಯದೆ, ಪ್ರಿಂಟರಿನ ವಿಷಯವನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದೆ.

"ಗೊತ್ತಿತ್ತು" ಎಂದರು. "ನೀವು ಕೇಳಿದ ಮರುದಿನಾನ ಶಿವಮೂರ್ತಿ ನನಗ ಹೇಳಿದ್ದ."

"ಮತ್ತ ನನಗ ಯಾಕ ಹೇಳಲಿಲ್ರಿ ಸರ್?"

"ಹೇಳಿದ್ರ ಅವತ್ತ ನೀವು ಕೆಲಸಾ ಬಿಟ್ಟು ಹೋಗತಿದ್ರಿ. ಆ ಮಂದಿ ಮಾತು ಕೂತು ಕೇಳವರು ಅಲ್ಲೆ ಬ್ಯಾರೆ ಯಾರಿದ್ರು?"

ಕ್ಷಮಿಸಿರಿ ಎಂದು ಹೇಳಲೆಂದೇ ಫೋನ್ ಮಾಡಿದ್ದೆ. ಆದರೆ ಬಾಯಿಂದ ಬಂದದ್ದು ಬೇರೆ.

"ಸರ್, ಅವತ್ತ ನೀವು ಹೋಗಿ ವೀರೇಶಪ್ಪನ ಕಡೆಯಿಂದ ಆ ಕಾಗದ ಕಸಗೊಂಡು ಬರಬಹುದಾಗಿತ್ತಲ್ರಿ?"

ಬೂತಿನ ಹೊರಗೆ ಗಂಗಾವತಿಯ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ನಾನು ಇನ್ನೊಂದು ಕಿವಿಗೆ ಅಂಗೈ ಒತ್ತಿಕೊಂಡೆ.

"ಬರಬಹುದಾಗಿತ್ತು" ಎಂದರು ದೇಸಾಯಿ.